ದುಬೈ ಕಾರು ಮಂಗಳೂರಿಗೆ ಬಂದೀತೇ?

ವಿದೇಶದ ನೌಕರಿ ಮುಗಿಸಿ ಊರಿಗೆ ಮರಳುವವರು ಮನೆ ಖಾಲಿ ಮಾಡುವಾಗ ಕೊನೆಯವರೆಗೂ ಇತ್ಯರ್ಥವಾಗದೆ ಉಳಿಯುವುದು ಕಾರು. ಸೋಫಾ ಮಾರಿಹೋಗುತ್ತದೆ, ಫ್ರಿಜ್ ಯಾವುದೋ ಗೆಳೆಯರ ಮನೆ ಸೇರುತ್ತದೆ, ಪಾತ್ರೆಪಗಡ ಪೆಟ್ಟಿಗೆಗೆ ಇಳಿಯುತ್ತವೆ. ಕಾರನ್ನು ಮಾತ್ರ ಬಿಟ್ಟುಬರಲು ಮನಸ್ಸಾಗುವುದಿಲ್ಲ. ಒಂದೇ ಒಂದು ಗೀರು ಬೀಳದಂತೆ ಇಟ್ಟುಕೊಂಡ ಗಾಡಿ. ಮಾರಲು ಹೊರಟರೆ ಅಲ್ಲಿನ ದಲ್ಲಾಳಿ ಹೇಳುವ ಬೆಲೆ ಕೇಳಿ ಹೊಟ್ಟೆ ಉರಿಯುತ್ತದೆ. 'ಇಷ್ಟಕ್ಕೆ ಕೊಡುವ ಬದಲು ಹಡಗಿಗೇ ಹತ್ತಿಸಿಬಿಡೋಣ' ಅನ್ನಿಸುವುದು ಆಗಲೇ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಲಂಡನ್, ಸಿಂಗಪುರ, ಸಿಡ್ನಿಯಿಂದ ಬರುವವರಿಗೆ ಕಾನೂನು ಬೇಡ ಎನ್ನುವುದಿಲ್ಲ, ಲೆಕ್ಕ ಬೇಡ ಎನ್ನುತ್ತದೆ. ದುಬೈ, ದೋಹಾ, ರಿಯಾದ್, ನ್ಯೂಜೆರ್ಸಿಯಿಂದ ಬರುವವರಿಗೆ ಲೆಕ್ಕದವರೆಗೆ ಹೋಗುವ ಪ್ರಮೇಯವೇ ಇಲ್ಲ, ಕಾನೂನೇ ಬೇಡ ಎಂದುಬಿಡುತ್ತದೆ. ಕರಾವಳಿಯಿಂದ ಕೊಲ್ಲಿಗೆ ಹೋದವರೇ ನಮ್ಮಲ್ಲಿ ಹೆಚ್ಚಾಗಿರುವುದರಿಂದ ಅಲ್ಲಿಂದಲೇ ಶುರುಮಾಡೋಣ.

ಸ್ಟೀರಿಂಗ್ ಯಾವ ಕಡೆ?

ವಿದೇಶದಿಂದ ಏನನ್ನು ತರಬಹುದು, ಯಾವ ಷರತ್ತಿನ ಮೇಲೆ ತರಬಹುದು ಎಂಬುದನ್ನು ನಿರ್ಧರಿಸುವುದು ದೆಹಲಿಯಲ್ಲಿರುವ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ. ವ್ಯವಹಾರದಲ್ಲಿರುವವರು ಇದನ್ನು ಡಿಜಿಎಫ್‌ಟಿ ಎನ್ನುತ್ತಾರೆ. ಇದರ ಆಮದು ನೀತಿಯ 87ನೇ ಅಧ್ಯಾಯ ವಾಹನಗಳದ್ದು. ಅಲ್ಲಿ ಬಳಸಿದ ಕಾರುಗಳಿಗೆ ಹಾಕಿರುವ ಷರತ್ತುಗಳಲ್ಲಿ ಒಂದು: ಸ್ಟೀರಿಂಗ್ ಮತ್ತು ಚಾಲನೆಯ ಎಲ್ಲ ಉಪಕರಣಗಳೂ ಬಲಗಡೆ ಇರಬೇಕು.

ಯುಎಇ, ಸೌದಿ, ಕತಾರ್, ಕುವೈತ್, ಬಹ್ರೇನ್, ಒಮಾನ್, ಈ ಆರೂ ದೇಶಗಳಲ್ಲಿ ವಾಹನ ಓಡುವುದು ರಸ್ತೆಯ ಬಲಕ್ಕೆ, ಸ್ಟೀರಿಂಗ್ ಇರುವುದು ಎಡಕ್ಕೆ. ಅಮೆರಿಕ, ಕೆನಡಾ, ಜರ್ಮನಿಗಳಲ್ಲೂ ಹಾಗೆಯೇ. ಅಲ್ಲಿಂದ ಬರುವವರ ಮಟ್ಟಿಗೆ ಬಾಗಿಲು ಇಲ್ಲಿಗೇ ಮುಚ್ಚಿತು. ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸಿಂಗಪುರ, ಮಲೇಷ್ಯಾ, ಜಪಾನ್, ದಕ್ಷಿಣ ಆಫ್ರಿಕಾ, ಕೀನ್ಯಾ, ಟಾಂಜಾನಿಯಾದವರು ಮಾತ್ರ ಮುಂದಿನ ಷರತ್ತುಗಳನ್ನು ಓದಬಹುದು.

'ಗ್ಯಾರೇಜಿನಲ್ಲಿ ಬಲಕ್ಕೆ ಬದಲಾಯಿಸಿಕೊಂಡು ತಂದರೆ?' ಎಂದು ಕೇಳುವವರಿದ್ದಾರೆ. ಡ್ಯಾಶ್‌ಬೋರ್ಡ್, ಪೆಡಲ್‌ಗಳು, ಸ್ಟೀರಿಂಗ್ ರ್ಯಾಕ್, ವೈಪರ್, ಹೆಡ್‌ಲೈಟ್ ಎಲ್ಲವನ್ನೂ ಬಿಚ್ಚಿ ಕಟ್ಟುವ ಕೆಲಸ ಅದು. ದುಡ್ಡು ಸುರಿದರೆ ಮಾಡಿಕೊಡುವವರು ಸಿಕ್ಕಾರು. ಆದರೆ ಹಡಗು ಹತ್ತಿಸುವ ಮುನ್ನವೇ ಕಾರನ್ನು ಮಾನ್ಯತೆ ಪಡೆದ ಸಂಸ್ಥೆಯೊಂದು ಪರೀಕ್ಷಿಸಿ, ಕಾರ್ಖಾನೆಯಿಂದ ಹೊರಬಂದಾಗ ಅದಕ್ಕೆ ಕೊಟ್ಟಿದ್ದ ಮೂಲ ಪ್ರಮಾಣಪತ್ರಕ್ಕೆ ಈಗಲೂ ತಾಳೆಯಾಗುತ್ತದೆ ಎಂದು ಬರೆದುಕೊಡಬೇಕು. ಎಡಗಡೆ ಸ್ಟೀರಿಂಗಿನೊಂದಿಗೆ ಹುಟ್ಟಿದ ಕಾರು ಆ ಪರೀಕ್ಷೆಯಲ್ಲಿ ಹೇಗೆ ಪಾಸಾದೀತು? ಈ ಯೋಚನೆಯನ್ನು ಬಿಟ್ಟುಬಿಡುವುದೇ ಲೇಸು.

ಮೂರು ವರ್ಷದ ಒಳಗೆ, ಒಂದು ವರ್ಷದ ಮೇಲೆ

ಬಲಗಡೆ ಸ್ಟೀರಿಂಗ್ ಇದ್ದವರಿಗೆ ಎದುರಾಗುವ ಎರಡನೆಯ ಷರತ್ತು ವಯಸ್ಸಿನದು. ಕಾರು ತಯಾರಾದ ದಿನದಿಂದ ಮೂರು ವರ್ಷ ದಾಟಿರಬಾರದು. ಇಲ್ಲಿ ಲೆಕ್ಕಕ್ಕೆ ಬರುವುದು ತಯಾರಾದ ದಿನ. ನೀವು ಕೊಂಡ ದಿನವೂ ಅಲ್ಲ, ನೋಂದಣಿಯಾದ ದಿನವೂ ಅಲ್ಲ. ಷೋರೂಮಿನಲ್ಲಿ ಆರು ತಿಂಗಳು ನಿಂತು ಮಾರಾಟವಾದ ಕಾರಿಗೆ ಆ ಆರು ತಿಂಗಳೂ ಸೇರುತ್ತವೆ. ಮಾಡೆಲ್ ವರ್ಷವನ್ನು ನಂಬಿಕೊಳ್ಳುವುದೂ ತಪ್ಪು. 2025ರ ಮಾಡೆಲ್ ಎಂದು ಮಾರಿದ ಕಾರು 2024ರಲ್ಲೇ ತಯಾರಾಗಿರಬಹುದು. ಚಾಸಿ ನಂಬರು ಕೊಟ್ಟು, ತಯಾರಿಕೆಯ ತಿಂಗಳನ್ನು ಕಂಪನಿಯಿಂದಲೇ ಲಿಖಿತವಾಗಿ ಪಡೆಯುವುದು ಕ್ಷೇಮ.

ವಾಸ್ತವ್ಯ ಬದಲಿಸುವವರು ಎಂಬ ಲೆಕ್ಕದಲ್ಲಿ ತರುವವರಿಗೆ ಇನ್ನೂ ಎರಡು ಅಳತೆಗಳಿವೆ. ಎರಡು ವರ್ಷ ಸತತವಾಗಿ ಹೊರದೇಶದಲ್ಲಿದ್ದು ಕಾಯಂ ನೆಲೆಸಲು ಬರುತ್ತಿರಬೇಕು, ಮತ್ತು ಕಾರು ಅಲ್ಲಿ ಕನಿಷ್ಠ ಒಂದು ವರ್ಷ ನಿಮ್ಮ ಸ್ವಾಧೀನದಲ್ಲಿ ಇದ್ದಿರಬೇಕು. ವಯಸ್ಸಿನ ಮಿತಿಯನ್ನೂ ಇದನ್ನೂ ಕೂಡಿಸಿ ನೋಡಿ. ಹೊಸ ಕಾರು ಕೊಂಡವರಿಗೆ ಸಿಗುವ ಅವಕಾಶ ಹೆಚ್ಚೆಂದರೆ ಎರಡು ವರ್ಷ. ಎರಡು ವರ್ಷ ಹಳೆಯದಾದ ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಅವಕಾಶವೇ ಇಲ್ಲ. ಒಂದು ವರ್ಷದ ಸ್ವಾಧೀನ ಪೂರೈಸುವ ಹೊತ್ತಿಗೆ ಕಾರಿಗೆ ಮೂರು ತುಂಬಿರುತ್ತದೆ. ಅದರ ಮೇಲೆ ಹಡಗಿನ ಪ್ರಯಾಣ, ಬಂದರಿನಲ್ಲಿ ಕಾಯುವ ದಿನಗಳು. ಗಡುವಿಗೆ ಮೂರು ತಿಂಗಳಾದರೂ ಬಾಕಿ ಇಲ್ಲದಿದ್ದರೆ ಹೊರಡಿಸುವುದು ಜೂಜು.

ಇಷ್ಟು ಬಿಗಿ ಏಕೆ? 2001ರ ಏಪ್ರಿಲ್ 1ರಂದು ಭಾರತ ಆಮದಿನ ಮೇಲಿದ್ದ ಪ್ರಮಾಣ ನಿರ್ಬಂಧಗಳ ಕೊನೆಯ ಕಂತನ್ನು ತೆಗೆದುಹಾಕಿತು. ಜಪಾನಿನ ಹಳೆಯ ಕಾರುಗಳು ಅಗ್ಗಕ್ಕೆ ಬಂದು ಸುರಿದಾವು ಎಂಬ ಅಳುಕು ಆಗ ಇಲ್ಲಿನ ಕಾರು ಉದ್ಯಮಕ್ಕಿತ್ತು. ವಯಸ್ಸಿನ ಮಿತಿ, ಪರೀಕ್ಷೆ, ಭಾರಿ ಸುಂಕ, ಒಂದೇ ಬಂದರು, ಇವೆಲ್ಲ ಸೇರಿ ಕಟ್ಟಿದ ಗೋಡೆ ಅದಕ್ಕಾಗಿ. ಕೀನ್ಯಾ ಎಂಟು ವರ್ಷದವರೆಗಿನ ಹಳೆಯ ಕಾರಿಗೆ ಬಾಗಿಲು ತೆರೆದಿಟ್ಟಿದೆ. ನೈರೋಬಿಯ ರಸ್ತೆ ತುಂಬ ಜಪಾನಿನಲ್ಲಿ ಬಳಸಿ ಬಿಟ್ಟ ಕಾರುಗಳೇ ಓಡುತ್ತವೆ. ನಮ್ಮವರು ಆ ದಾರಿ ಹಿಡಿಯಲಿಲ್ಲ. ನೀತಿಯಾಗಿ ನೋಡಿದರೆ ಅದು ಸರಿಯೇ ಎಂದು ನನ್ನ ಅಭಿಪ್ರಾಯ. ಕಷ್ಟವೇನೆಂದರೆ, ಸಾವಿರ ಕಾರು ತರುವ ವ್ಯಾಪಾರಿಗೆ ಕಟ್ಟಿದ ಗೋಡೆಗೇ ಒಂದು ಕಾರು ತರುವ ಸಂಸಾರಸ್ಥನೂ ಹಣೆ ಚಚ್ಚಿಕೊಳ್ಳಬೇಕು.

ಉಳಿದ ಷರತ್ತುಗಳು ಬೇಗ ಮುಗಿಯುತ್ತವೆ. ಸ್ಪೀಡೋಮೀಟರ್ ಕಿಲೋಮೀಟರಿನಲ್ಲಿ ತೋರಿಸಬೇಕು. ಬ್ರಿಟನ್ನಿನ ಕಾರುಗಳು ಮೈಲಿಯಲ್ಲಿ ತೋರಿಸುವುದರಿಂದ ಅಲ್ಲಿಂದ ಬರುವವರು ಇದನ್ನು ಗಮನಿಸಬೇಕು. ಡಿಜಿಟಲ್ ಪರದೆ ಇರುವ ಕಾರಿನಲ್ಲಿ ಸೆಟ್ಟಿಂಗ್ ಬದಲಿಸಿದರೆ ಸಾಕಾಗುತ್ತದೆ. ಹೆಡ್‌ಲೈಟಿನ ಬೆಳಕು ಎಡಗಡೆ ಸಂಚಾರಕ್ಕೆ ಹೊಂದಬೇಕು. ಕಾರು ಇನ್ನೂ ಐದು ವರ್ಷ ರಸ್ತೆಗೆ ಯೋಗ್ಯ, ಅಷ್ಟು ಕಾಲ ಇಲ್ಲಿ ಸರ್ವಿಸ್ ಸಿಗುತ್ತದೆ ಎಂಬ ಭರವಸೆಯನ್ನೂ ಕೊಡಬೇಕು. ಭಾರತದಲ್ಲಿ ಅಂಗಡಿಯನ್ನೇ ತೆರೆಯದ ಬ್ರ್ಯಾಂಡ್ ಆದರೆ ಈ ಕೊನೆಯ ಮಾತು ಬರೆದುಕೊಡುವುದು ಹೇಗೆಂದು ನೀವೇ ಯೋಚಿಸಿ.

ಪಣಂಬೂರು ಅಲ್ಲ, ಮುಂಬೈ

ಬಳಸಿದ ಕಾರು ಭಾರತಕ್ಕೆ ಬರಬೇಕಾದರೆ ಮುಂಬೈ ಬಂದರಿನ ಮೂಲಕವೇ ಬರಬೇಕು. ಹೊಸ ಕಾರುಗಳಿಗೆ ಚೆನ್ನೈ, ಕೊಚ್ಚಿ, ಕೋಲ್ಕತ್ತ ಎಂದು ಹಲವು ದಾರಿಗಳಿವೆ, ಬಳಸಿದ್ದಕ್ಕೆ ಒಂದೇ. ಮನೆಯಿಂದ ಮಂಗಳೂರಿನ ಪಣಂಬೂರು ಬಂದರಿನ ಕ್ರೇನುಗಳು ಕಾಣುವಂತಿದ್ದರೂ ನಿಮ್ಮ ಕಾರು ಅಲ್ಲಿ ಇಳಿಯುವಂತಿಲ್ಲ. ಮುಂಬೈಯಲ್ಲಿ ಇಳಿದು, ಸುಂಕ ಕಟ್ಟಿ, ಪರೀಕ್ಷೆ ಮುಗಿಸಿ, ಲಾರಿ ಏರಿ ಕರಾವಳಿಗೆ ಬರಬೇಕು.

ಇಲ್ಲಿ ಬಹಳ ಜನ ಎಡವುವ ಒಂದು ವಿಷಯವಿದೆ. ಊರಿಗೆ ಮರಳುವವರ ಮನೆಸಾಮಾನಿಗೆ ಕಸ್ಟಮ್ಸ್ ರಿಯಾಯಿತಿ ಕೊಡುತ್ತದೆ, ಟಿ.ಆರ್. (ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್) ಎಂದು ಕರೆಯುವುದು ಅದನ್ನೇ. ಮಂಚ, ವಾಷಿಂಗ್ ಮೆಷಿನ್, ಟಿ.ವಿ. ಜೊತೆ ಅದೇ ಕಂಟೇನರಿನಲ್ಲಿ ಕಾರನ್ನೂ ತಳ್ಳಿದರೆ ಅದಕ್ಕೂ ರಿಯಾಯಿತಿ ಸಿಗುತ್ತದೆ ಎಂದು ಹಲವರು ನಂಬಿದ್ದಾರೆ. 1962ರ ಕಸ್ಟಮ್ಸ್ ಕಾಯ್ದೆ ತನ್ನ ಎರಡನೆಯ ಸೆಕ್ಷನ್ನಿನಲ್ಲೇ ಇದಕ್ಕೆ ಉತ್ತರ ಕೊಟ್ಟಿದೆ. ಬ್ಯಾಗೇಜ್ ಎಂದರೆ ಜೊತೆಯಲ್ಲಿ ಬಾರದ ಸಾಮಾನೂ ಸೇರುತ್ತದೆ, ಮೋಟಾರು ವಾಹನ ಸೇರುವುದಿಲ್ಲ. ಒಂದೇ ಕಂಟೇನರಿನಲ್ಲಿ ಬಂದರೂ ಕಾರಿನ ಹಾದಿ ಬೇರೆ. ಅದಕ್ಕೆ ಪ್ರತ್ಯೇಕ ಬಿಲ್ ಆಫ್ ಎಂಟ್ರಿ (ಕಸ್ಟಮ್ಸಿಗೆ ಕೊಡುವ ಆಮದು ಘೋಷಣೆ), ಪೂರ್ತಿ ಸುಂಕ. ಕಾರಿನ ಕಾಗದಪತ್ರದಲ್ಲಿ ತೊಡಕಾದರೆ ಅದರ ಜೊತೆ ನಿಮ್ಮ ಮಂಚವೂ ಬಂದರಿನಲ್ಲೇ ಮಲಗಬೇಕಾದೀತು.

ಕಾಗದಪತ್ರ ಎಂದರೆ ಹಳೆಯ ಮತ್ತು ಹೊಸ ಪಾಸ್‌ಪೋರ್ಟ್, ಅಲ್ಲಿನ ನೋಂದಣಿ ಪತ್ರ, ಕೊಂಡಾಗಿನ ಬಿಲ್ಲು, ವಿಮೆ, ಹಡಗು ಕಂಪನಿಯ ಬಿಲ್ ಆಫ್ ಲೇಡಿಂಗ್, ಹಡಗೇರುವ ಮುಂಚಿನ ಪರೀಕ್ಷಾ ಪತ್ರ, ತಯಾರಿಕೆಯ ತಿಂಗಳು ಮತ್ತು ಆಗಿನ ಬೆಲೆಯನ್ನು ಖಚಿತಪಡಿಸುವ ಕಂಪನಿಯ ಪತ್ರ. ಸಾಲ ಬಾಕಿಯಿದ್ದರೆ ಬ್ಯಾಂಕಿನ ಬಿಡುಗಡೆ ಪತ್ರವೂ ಬೇಕು. ಬ್ರಿಟನ್ನಿನಿಂದ ಬರುವವರು ಅಲ್ಲಿನ ವಾಹನ ನೋಂದಣಿ ಸಂಸ್ಥೆಯಾದ ಡಿವಿಎಲ್‌ಎಗೆ ಕಾರು ಕಾಯಂ ಆಗಿ ದೇಶ ಬಿಡುತ್ತಿದೆ ಎಂದು ಲಾಗ್‌ಬುಕ್ಕಿನ ಭಾಗ ಹರಿದು ಕಳಿಸಬೇಕು. ಬಾಕಿ ಉಳಿದ ತಿಂಗಳುಗಳ ರಸ್ತೆ ತೆರಿಗೆ ಆಗ ವಾಪಸು ಬರುತ್ತದೆ.

ಇಲ್ಲಿ ಇಳಿದ ಮೇಲೆ ಮತ್ತೊಂದು ಪರೀಕ್ಷೆ. ಪುಣೆಯ ವಾಹನ ಪರೀಕ್ಷಾ ಸಂಸ್ಥೆಯಾದ ಎಆರ್‌ಎಐ ಅಥವಾ ಅಂಥದೇ ಅಧಿಕೃತ ಸಂಸ್ಥೆ ಕಾರನ್ನು ನೋಡಿ ನಮ್ಮ ಮೋಟಾರು ವಾಹನ ಕಾಯ್ದೆಗೆ ಒಪ್ಪುತ್ತದೆ ಎನ್ನಬೇಕು. ಅಲ್ಲಿಯವರೆಗೆ ಬಂದರಿನ ಬಾಡಿಗೆ ಓಡುತ್ತಲೇ ಇರುತ್ತದೆ. ಇಳಿದ 30 ದಿನದೊಳಗೆ ಬಿಡಿಸಿಕೊಳ್ಳದ ಸರಕನ್ನು ನೋಟಿಸು ಕೊಟ್ಟು ಹರಾಜು ಹಾಕಲು ಕಸ್ಟಮ್ಸ್ ಕಾಯ್ದೆಯಲ್ಲಿ ಅವಕಾಶವಿದೆ. ಇದನ್ನೆಲ್ಲ ಓಡಾಡಿ ಮಾಡಿಸುವವರು ಸಿಎಚ್‌ಎಗಳು, ಅಂದರೆ ಕ್ಲಿಯರಿಂಗ್ ಏಜೆಂಟರು. ಏಜೆಂಟರಿಲ್ಲದೆ ಸ್ವಂತವಾಗಿ ಮಾಡಿಕೊಳ್ಳುತ್ತೇನೆ ಎನ್ನುವ ಧೈರ್ಯವನ್ನು ಈ ಒಂದು ಕೆಲಸದಲ್ಲಿ ತೋರಿಸಬೇಡಿ.

ನೂರು ರೂಪಾಯಿ ಮುನ್ನೂರ ಮೂವತ್ತೆರಡೂವರೆಯಾಗುವ ಬಗೆ

ಈಗ ಲೆಕ್ಕ. ಸುಂಕ ಹಾಕುವುದು ಯಾವ ಬೆಲೆಯ ಮೇಲೆ ಎಂಬುದು ಮೊದಲ ಪ್ರಶ್ನೆ. ನೀವು ಎಷ್ಟಕ್ಕೆ ಕೊಂಡಿರಿ, ಈಗ ಮಾರಿದರೆ ಎಷ್ಟು ಸಿಕ್ಕೀತು ಎಂಬುದನ್ನು ಕಸ್ಟಮ್ಸ್ ಕೇಳುವುದಿಲ್ಲ. ಕಾರು ತಯಾರಾದಾಗ ಕಂಪನಿ ನಿಗದಿಪಡಿಸಿದ್ದ ಬೆಲೆಯನ್ನು ಹಿಡಿದು ಅದರಲ್ಲಿ ಸವಕಳಿ ಕಳೆಯುತ್ತದೆ. ಮೊದಲ ವರ್ಷ ಪ್ರತಿ ಮೂರು ತಿಂಗಳಿಗೆ ಶೇ 4, ಎರಡನೆಯ ವರ್ಷ ಶೇ 3, ಮೂರನೆಯ ವರ್ಷ ಶೇ 2.5. ಅಂದರೆ ಒಂದು ವರ್ಷದ ಕಾರಿಗೆ ಶೇ 16, ಎರಡು ವರ್ಷದ್ದಕ್ಕೆ ಶೇ 28, ಮೂರು ತುಂಬುವುದಕ್ಕೆ ಶೇ 38 ಕಡಿತ. ಮಾರುಕಟ್ಟೆಯಲ್ಲಿ ಕಾರಿನ ಬೆಲೆ ಇದಕ್ಕಿಂತ ಬೇಗ ಬಿದ್ದಿದ್ದರೆ ಆ ನಷ್ಟ ನಿಮ್ಮದೇ. ಉಳಿದ ಮೊತ್ತಕ್ಕೆ ಹಡಗಿನ ಬಾಡಿಗೆಯನ್ನೂ ವಿಮೆಯನ್ನೂ ಕೂಡಿಸಬೇಕು.

ಹೀಗೆ ಬಂದ ಬೆಲೆಯ ಮೇಲೆ ಬಳಸಿದ ಕಾರಿಗೆ ಮೂಲ ಸುಂಕ ಶೇ 70, ಕೃಷಿ ಮೂಲಸೌಕರ್ಯ ಸೆಸ್ ಶೇ 67.5. ಒಟ್ಟು ಶೇ 137.5. 2025ರ ಬಜೆಟ್ಟಿನಲ್ಲಿ ಮೂಲ ಸುಂಕ ಶೇ 125ರಿಂದ ಶೇ 70ಕ್ಕೆ ಇಳಿಯಿತು ಎಂಬ ಸುದ್ದಿ ಓದಿ ಹಿಗ್ಗಿದವರಿದ್ದರು. ಸೆಸ್ ಹೆಸರಿನಲ್ಲಿ ಅದು ವಾಪಸು ಬಂದು ಕುಳಿತಿದ್ದರಿಂದ ಒಟ್ಟು ಹೊರೆ ಒಂದು ಪೈಸೆಯೂ ಇಳಿಯಲಿಲ್ಲ. ಇಷ್ಟೂ ಸೇರಿದ ಮೊತ್ತದ ಮೇಲೆ ಐಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರದಂತೆ ದೊಡ್ಡ ಕಾರಿಗೆ ಶೇ 40. ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಒಳಗಿದ್ದು, ಉದ್ದ ನಾಲ್ಕು ಮೀಟರ್ ಮೀರದ ಸಣ್ಣ ಕಾರಿಗೆ ಶೇ 18.

ಒಂದು ಉದಾಹರಣೆ ನೋಡೋಣ. ಲಂಡನ್ನಿನಲ್ಲಿ ಎರಡು ವರ್ಷ ಓಡಿಸಿದ ಕಾರು, ತಯಾರಾದಾಗಿನ ಬೆಲೆ 25,000 ಪೌಂಡ್. ಶೇ 28 ಸವಕಳಿ ಕಳೆದರೆ 18,000. ಬಾಡಿಗೆ, ವಿಮೆ ಸೇರಿ 20,000 ಎಂದಿಟ್ಟುಕೊಳ್ಳಿ. ಲೆಕ್ಕದ ಸುಲಭಕ್ಕೆ ಪೌಂಡಿಗೆ 115 ರೂಪಾಯಿ ಹಿಡಿದರೆ 23 ಲಕ್ಷ. ಅದರ ಶೇ 137.5 ಎಂದರೆ 31,62,500. ಎರಡೂ ಕೂಡಿ 54,62,500. ಅದರ ಮೇಲೆ ಶೇ 40ರಂತೆ 21,85,000. ಸರ್ಕಾರಕ್ಕೆ ಕಟ್ಟಬೇಕಾದದ್ದು ಒಟ್ಟು 53,47,500 ರೂಪಾಯಿ, ನಿಮಗೆ ಬಿದ್ದ ಕಾರಿನ ಬೆಲೆ 76,47,500. ನೂರು ರೂಪಾಯಿಯ ದೊಡ್ಡ ಕಾರು ಬಂದರಿನಿಂದ ಹೊರಬರುವಾಗ 332 ರೂಪಾಯಿ 50 ಪೈಸೆ ಆಗಿರುತ್ತದೆ. ಸಣ್ಣ ಕಾರಾದರೆ 280 ರೂಪಾಯಿ ಚಿಲ್ಲರೆ.

ಇಷ್ಟಕ್ಕೇ ಮುಗಿಯಲಿಲ್ಲ. ಕೆಎ-19 ಅಥವಾ ಕೆಎ-20 ಎಂಬ ಫಲಕ ಹಾಕಿಸಲು ಆರ್‌ಟಿಓ ಕಚೇರಿಗೆ ಹೋದಾಗ ಜೀವಾವಧಿ ತೆರಿಗೆ ಕಾದಿರುತ್ತದೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಅದು ಶೇ 18, ಆ ತೆರಿಗೆಯ ಮೇಲೆ ಮತ್ತೆ ಸೆಸ್. ಆಮದು ಕಾರಿಗೆ ತೆರಿಗೆ ಹಾಕುವುದು ಸುಂಕ ಸೇರಿಸಿದ ಬೆಲೆಯ ಮೇಲೆ. ಸುಂಕದ ಮೇಲೆ ಐಜಿಎಸ್‌ಟಿ, ಸುಂಕ ಸೇರಿದ ಬೆಲೆಯ ಮೇಲೆ ರಸ್ತೆ ತೆರಿಗೆ, ಆ ತೆರಿಗೆಯ ಮೇಲೆ ಸೆಸ್. ನಮ್ಮ ಉದಾಹರಣೆಯ ಕಾರಿಗೆ ಇದು ಹತ್ತು ಲಕ್ಷವನ್ನೂ ಮೀರುತ್ತದೆ.

2025ರ ಜುಲೈಯಲ್ಲಿ ಭಾರತ ಮತ್ತು ಬ್ರಿಟನ್ ಸಹಿ ಹಾಕಿದ ವ್ಯಾಪಾರ ಒಪ್ಪಂದದಲ್ಲಿ ಕಾರುಗಳ ಸುಂಕ ಶೇ 10ರವರೆಗೆ ಇಳಿಯುತ್ತದೆ ಎಂಬ ಮಾತು ಅಲ್ಲಿನ ಕನ್ನಡಿಗರ ನಡುವೆಯೂ ಓಡಾಡಿತು. ಅದು ಬ್ರಿಟನ್ನಿನಲ್ಲಿ ತಯಾರಾದ ಹೊಸ ಕಾರುಗಳಿಗೆ ಕೋಟಾದ ಮಿತಿಯೊಳಗೆ ಕೊಡುವ ರಿಯಾಯಿತಿ. ನೀವು ಓಡಿಸಿ ಹಳೆಯದಾದ ಕಾರಿಗೆ ಅದರಿಂದ ಉಪಯೋಗವಿಲ್ಲ.

ದುಬೈ ಫಲಕದ ಕಾರು ಇಲ್ಲೇ ಓಡಾಡುತ್ತದಲ್ಲ?

ಹೌದು, ಓಡಾಡುತ್ತದೆ. ಕಾಸರಗೋಡು, ಕೋಯಿಕ್ಕೋಡ್ ಕಡೆ ಹೆಚ್ಚು, ಮಂಗಳೂರಿನಲ್ಲೂ ಆಗಾಗ ಕಣ್ಣಿಗೆ ಬೀಳುತ್ತದೆ. ಎಡಗಡೆ ಸ್ಟೀರಿಂಗ್, ಅರಬಿ ಬರಹದ ಫಲಕ. ಅದನ್ನು ನೋಡಿಯೇ 'ಅವರು ತಂದಿದ್ದಾರೆ, ನಾವೇಕೆ ತರಬಾರದು?' ಎಂಬ ಪ್ರಶ್ನೆ ಹುಟ್ಟುವುದು. ಅವರು ತಂದಿರುವುದು ಕಾರ್ನೆ ಎಂಬ ಪುಸ್ತಕದ ಮೇಲೆ.

ಕಾರ್ನೆ ಎಂದರೆ ಕಾರಿಗೆ ಕೊಡುವ ಪಾಸ್‌ಪೋರ್ಟ್. ಕಾರು ನೋಂದಣಿಯಾಗಿರುವ ದೇಶದ ಆಟೊಮೊಬೈಲ್ ಕ್ಲಬ್ ಭಾರಿ ಠೇವಣಿ ಅಥವಾ ಬ್ಯಾಂಕ್ ಖಾತರಿ ಪಡೆದು ಅದನ್ನು ಕೊಡುತ್ತದೆ. 'ಈ ಕಾರು ನಿಮ್ಮ ದೇಶಕ್ಕೆ ಬಂದು ವಾಪಸು ಹೋಗುತ್ತದೆ, ಹೋಗದಿದ್ದರೆ ಸುಂಕಕ್ಕೆ ನಾವು ಹೊಣೆ' ಎಂಬ ವಾಗ್ದಾನ ಅದು. ಒಳಗೆ ಬರುವಾಗ ಒಂದು ಹಾಳೆಗೆ ಮುದ್ರೆ, ಹೊರಗೆ ಹೋಗುವಾಗ ಇನ್ನೊಂದಕ್ಕೆ. ಭಾರತದಲ್ಲಿ ಹೀಗೆ ಸುಂಕವಿಲ್ಲದೆ ಇರಿಸಿಕೊಳ್ಳಲು ಕೊಡುವ ಅವಧಿ ಆರು ತಿಂಗಳು. ರಜೆಗೆ ಬರುವ ಅನಿವಾಸಿಗೆ, ದೇಶ ಸುತ್ತುವ ಪ್ರವಾಸಿಗೆ ಮಾಡಿದ ಏರ್ಪಾಟು ಇದು. ಕಾಯಂ ಬರುವವರಿಗೆ ಅಲ್ಲ. ಆ ಕಾರನ್ನು ಇಲ್ಲಿ ಮಾರುವಂತಿಲ್ಲ, ಇಲ್ಲಿಯ ನೋಂದಣಿ ಮಾಡಿಸುವಂತಿಲ್ಲ, ಅವಧಿ ಮೀರಿ ಶೆಡ್ಡಿನಲ್ಲಿ ಮುಚ್ಚಿಡುವಂತೆಯೂ ಇಲ್ಲ. ವಾಪಸಾಗದಿದ್ದರೆ ಕಸ್ಟಮ್ಸ್ ಸುಂಕ ಕೇಳುತ್ತದೆ, ಕ್ಲಬ್ಬು ನಿಮ್ಮ ಠೇವಣಿಗೆ ಕೈ ಹಾಕುತ್ತದೆ, ಕಾರು ಜಪ್ತಿಯಾಗುತ್ತದೆ.

ಅಡ್ಡದಾರಿಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಏಕೆಂದರೆ ಹೇಳಿಕೊಡುವವರು ಇದ್ದೇ ಇರುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸ್ ಇಲಾಖೆ 'ಆಪರೇಷನ್ ನುಂಖೋರ್' ಎಂಬ ಹೆಸರಿನಲ್ಲಿ ಹಲವೆಡೆ ದಾಳಿ ನಡೆಸಿತು. ಭೂತಾನಿನಿಂದ ಐಷಾರಾಮಿ ಕಾರುಗಳನ್ನು ಸುಂಕ ಕಟ್ಟದೆ ತಂದು, ನಕಲಿ ದಾಖಲೆ ಮೇಲೆ ಬೇರೆ ರಾಜ್ಯಗಳಲ್ಲಿ ನೋಂದಾಯಿಸಿ ಮಾರಲಾಗಿದೆ ಎಂಬುದು ಇಲಾಖೆಯ ಆರೋಪ. ಗಮನಿಸಬೇಕಾದದ್ದೇನೆಂದರೆ, ಕಾರು ತಂದವರ ಜೊತೆಗೆ ಈಗ ಅದನ್ನು ಇಟ್ಟುಕೊಂಡವರ ಮನೆಗಳಿಗೂ ಅಧಿಕಾರಿಗಳು ಹೋದರು. ಅಗ್ಗಕ್ಕೆ ಸಿಕ್ಕಿತೆಂದು ವಿದೇಶಿ ಕಾರು ಕೊಳ್ಳುವವರು ಆರ್‌ಸಿ ಒಂದನ್ನೇ ನೋಡಿದರೆ ಸಾಲದು, ಬಿಲ್ ಆಫ್ ಎಂಟ್ರಿ ಮತ್ತು ಸುಂಕ ಕಟ್ಟಿದ ರಸೀದಿಯನ್ನೂ ಕೇಳಿ ಪಡೆಯಬೇಕು.

ತಂದ ಮೇಲಿನ ಪಾಡು

ಸುಂಕ ಕಟ್ಟುವ ಶಕ್ತಿಯಿದ್ದವರೂ ಯೋಚಿಸಬೇಕಾದ ವಿಷಯ ಬಂಕಿನದು. ಭಾರತದ ಬಂಕುಗಳಲ್ಲಿ ಈಗ ಸಿಗುವುದು ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಸಿಗುವ ಪೆಟ್ರೋಲಿನಲ್ಲಿ ಎಥನಾಲ್ ಶೇ 10ರವರೆಗೆ ಮಾತ್ರ. ಆ ಇಂಧನಕ್ಕೆಂದು ಮಾಡಿದ ಎಂಜಿನ್ನಿನ ರಬ್ಬರ್ ಕೊಳವೆ, ಸೀಲುಗಳು ಇಲ್ಲಿನ ಪೆಟ್ರೋಲಿಗೆ ಎಷ್ಟು ಕಾಲ ತಾಳುತ್ತವೆ ಎಂಬುದನ್ನು ಕಾರಿನ ಕೈಪಿಡಿ ನೋಡಿ ತಿಳಿಯಬೇಕು. ಇಂಧನ ಮುಚ್ಚಳದ ಒಳಮೈಯಲ್ಲಿ ಇ10 ಎಂದಷ್ಟೇ ಬರೆದಿದ್ದರೆ ಎಚ್ಚರ.

ಬಿಡಿಭಾಗಗಳದ್ದು ಇನ್ನೊಂದು ಕಥೆ. ಒಂದೇ ಹೆಸರಿನ ಮಾಡೆಲ್ ಇಲ್ಲೂ ಮಾರಾಟದಲ್ಲಿದ್ದರೂ ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಬೇರೆಯಿರಬಹುದು. ಮಾಜ್ದಾ, ಸುಬಾರು, ವಾಕ್ಸ್‌ಹಾಲ್ ತಂದವರಿಗಂತೂ ಬಂಪರಿನ ಒಂದು ಕ್ಲಿಪ್ಪಿಗೂ ವಿದೇಶಕ್ಕೇ ಆರ್ಡರ್ ಕೊಡಬೇಕು. ಜಪಾನಿನ ಕಾರಿನ ರೇಡಿಯೊ ಅಲ್ಲಿನ ಎಫ್‌ಎಂ ತರಂಗಗಳಿಗೆ ಹೊಂದಿಸಿದ್ದು, ನಮ್ಮ ಹೆಚ್ಚಿನ ಸ್ಟೇಷನ್ನುಗಳು ಅದರಲ್ಲಿ ಕೇಳಿಸುವುದೇ ಇಲ್ಲ. ಚಿಕ್ಕ ವಿಷಯ, ಆದರೆ ಮುಕ್ಕಾಲು ಕೋಟಿ ಕೊಟ್ಟ ಮೇಲೆ ಚಿಕ್ಕದೆನಿಸುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಕಾರು ತರುವುದಕ್ಕೆ ಅರ್ಥವಿರುವ ಸಂದರ್ಭ ಒಂದೆರಡಿದೆ. ಅಂಗವಿಕಲರಿಗಾಗಿ ವಿಶೇಷವಾಗಿ ಮಾರ್ಪಡಿಸಿದ, ಇಲ್ಲಿ ಮಾಡಿಸಿಕೊಳ್ಳಲಾಗದ ಕಾರು ಇದ್ದರೆ ಲೆಕ್ಕ ಬೇರೆಯಾಗುತ್ತದೆ. ಭಾರತದಲ್ಲಿ ಎಷ್ಟು ಕೊಟ್ಟರೂ ಸಿಗದ ಅಪರೂಪದ ಮಾಡೆಲ್ಲಿನ ಮೇಲೆ ಹುಚ್ಚಿದ್ದು, ದುಡ್ಡೂ ಇದ್ದರೆ ಅದು ಅವರವರ ಇಷ್ಟ. ಸಾಮಾನ್ಯ ಹ್ಯಾಚ್‌ಬ್ಯಾಕಿಗೆ, ಸೆಡಾನಿಗೆ ಈ ಎರಡೂ ಅನ್ವಯಿಸುವುದಿಲ್ಲ. ದುಬೈಯಲ್ಲಿ ಓಡಿಸಿದ ಟೊಯೋಟಾ ಕ್ಯಾಮ್ರಿಯನ್ನು ಬಿಡಲಾರದವರಿಗೆ ಇಲ್ಲಿ ಬಿಡದಿಯಲ್ಲೇ ಜೋಡಿಸಿದ ಕ್ಯಾಮ್ರಿ ಸಿಗುತ್ತದೆ, ಬಲಗಡೆ ಸ್ಟೀರಿಂಗು, ವಾರಂಟಿ ಎಲ್ಲದರ ಜೊತೆ.

ಅಲ್ಲೇ ಮಾರಿ ಬರುವವರಿಗೆ

ಹಾಗಾದರೆ ಮಾರುವುದೇ ಸರಿ. ಅದಕ್ಕೂ ಹೊತ್ತುಗೊತ್ತು ಇದೆ. ಯುಎಇಯಲ್ಲಿ ಕಾರು ಮಾರಬೇಕಾದರೆ ಬ್ಯಾಂಕಿನ ಸಾಲ ತೀರಿರಬೇಕು, ಟ್ರಾಫಿಕ್ ದಂಡ ಒಂದೂ ಬಾಕಿ ಇರಬಾರದು, ಆಮೇಲೆ ಮುಲ್ಕಿಯಾ, ಅಂದರೆ ನೋಂದಣಿ ಪತ್ರ, ಹೊಸಬರ ಹೆಸರಿಗೆ ಹೋಗುತ್ತದೆ. ವೀಸಾ ರದ್ದಾಗುವ ಮುನ್ನ ಇದನ್ನು ಮುಗಿಸಿಕೊಳ್ಳಿ. ಸೌದಿಯಲ್ಲಿ ನಿಮ್ಮ ಹೆಸರಿನಲ್ಲಿ ವಾಹನವಿದ್ದರೆ ದೇಶ ಬಿಡುವ ಫೈನಲ್ ಎಕ್ಸಿಟ್ ಅನುಮತಿ ಸಿಗುವುದಿಲ್ಲ. ಟಿಕೆಟ್ ಮಾಡಿಸಿಟ್ಟು, ಇಸ್ತಿಮಾರಾ ಎಂಬ ಅಲ್ಲಿನ ನೋಂದಣಿ ಪತ್ರ ಬದಲಾಗದೆ ಒದ್ದಾಡುವವರು ಇದ್ದಾರೆ. ಹೊರಡುವ ವಾರ ಮಾರಲು ಹೋದರೆ ನಿಮ್ಮ ಅವಸರ ಕೊಳ್ಳುವವನ ಮೂಗಿಗೆ ತಟ್ಟುತ್ತದೆ, ಬೆಲೆ ಅಲ್ಲಿಗೇ ಬೀಳುತ್ತದೆ. ಎರಡು ತಿಂಗಳ ಮೊದಲೇ ಮಾರಿ, ಉಳಿದ ದಿನಕ್ಕೆ ಬಾಡಿಗೆ ಕಾರು ಹಿಡಿದವರಿಗೆ ಲಾಭವೇ ಆಗುವುದು.

ಸಿಂಗಪುರದ ದಾರಿ ಬೇರೆ. ಅಲ್ಲಿ ಕಾರು ಇಟ್ಟುಕೊಳ್ಳುವ ಹಕ್ಕೇ ಹತ್ತು ವರ್ಷದ ಸಿಓಇ ಎಂಬ ಪತ್ರದ ಮೇಲೆ ನಿಂತಿದೆ. ಅವಧಿ ಮುಗಿಯುವ ಮುನ್ನ ನೋಂದಣಿ ರದ್ದು ಮಾಡಿಸಿದರೆ ಉಳಿದ ಕಾಲಕ್ಕೆ ತಕ್ಕಷ್ಟು ಹಣ ವಾಪಸು ಬರುತ್ತದೆ. ಕಾರಿನ ಲೋಹಕ್ಕಿಂತ ಆ ಕಾಗದದ ಬೆಲೆಯೇ ಹೆಚ್ಚಿರುವುದುಂಟು. ವಾಪಸು ಬರುವ ಹಣ ಎಷ್ಟೆಂದು ತಿಳಿದುಕೊಂಡ ಮೇಲೆಯೇ ದಲ್ಲಾಳಿಯ ಜೊತೆ ಮಾತಿಗೆ ಕೂರಿ.

ಕಾರನ್ನು ಬಿಟ್ಟು ಬಂದರೂ ಅದರ ಒಂದು ಕಾಗದ ತನ್ನಿ, ವಿಮೆಯ ನೋ ಕ್ಲೈಮ್ ಪತ್ರ. ಅಲ್ಲಿ ವರ್ಷಗಟ್ಟಲೆ ಕ್ಲೈಮ್ ಮಾಡದೆ ಗಳಿಸಿದ ರಿಯಾಯಿತಿಗೆ ಇಲ್ಲೂ ಬೆಲೆಯಿದೆ. ವಿದೇಶದ ಪಾಲಿಸಿ ಮುಗಿದ ಮೂರು ವರ್ಷದೊಳಗೆ ಇಲ್ಲಿ ಪಾಲಿಸಿ ಮಾಡಿಸಿದರೆ, ಆ ಅರ್ಹತೆಯನ್ನು ಪರಿಗಣಿಸಲು ನಮ್ಮ ಮೋಟಾರು ವಿಮೆಯ ನಿಯಮದಲ್ಲಿ ಅವಕಾಶವಿದೆ. ಷೋರೂಮಿನ ವಿಮೆ ಮಾರುವ ಹುಡುಗ ತಾನಾಗಿ ಇದನ್ನು ಹೇಳುವುದಿಲ್ಲ, ನೀವೇ ಪತ್ರ ಮುಂದಿಟ್ಟು ಕೇಳಬೇಕು. ಹಾಗೆಯೇ ಭಾರತದ ಚಾಲನಾ ಪರವಾನಗಿಯ ದಿನಾಂಕ ನೋಡಿಕೊಳ್ಳಿ. ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ, ದುಬೈಯ ಶೇಖ್ ಝಾಯೆದ್ ರಸ್ತೆಯಲ್ಲಿ ಇಪ್ಪತ್ತು ವರ್ಷ ಓಡಿಸಿದವರೂ ಆರ್‌ಟಿಓ ಮೈದಾನದಲ್ಲಿ ಮತ್ತೆ ಎಂಟು ಬರೆಯಬೇಕು.

ತರಲೇಬೇಕೆಂದು ಹಠ ಹಿಡಿದವರು ಹಡಗಿಗೆ ಮುಂಗಡ ಕೊಡುವ ಮುನ್ನ ಡಿಜಿಎಫ್‌ಟಿಯ 87ನೇ ಅಧ್ಯಾಯವನ್ನು ಆ ವಾರದ ಸ್ಥಿತಿಯಲ್ಲಿ ಓದಿ, ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತವೆ. ಮುಂಬೈಯ ಸಿಎಚ್‌ಎಯಿಂದ ಸುಂಕ, ಪರೀಕ್ಷೆ, ಬಂದರಿನ ಬಾಡಿಗೆ ಎಲ್ಲವನ್ನೂ ಬಿಡಿಬಿಡಿಯಾಗಿ ತೋರಿಸಿದ ಅಂದಾಜನ್ನು ಬರವಣಿಗೆಯಲ್ಲಿ ಪಡೆಯಿರಿ. 'ನಾವು ನೋಡಿಕೊಳ್ಳುತ್ತೇವೆ, ನೀವು ಕಳಿಸಿ' ಎಂದಷ್ಟೇ ಹೇಳುವ ಏಜೆಂಟರ ಕೈಗೆ ಕಾರಿನ ಕೀಲಿ ಕೊಡಬೇಡಿ.